ಬ್ರೇಕ್ ಮೇಷ್ಟ್ರ ಒಂಟಿ ಅಭ್ಯಾಸ

ಮೇಷ್ಟ್ರು ತಳ್ಳಿದ ರಭಸಕ್ಕೆ ಕನ್ನಡಕದಂಗಡಿಯವರು ಹಿಮ್ಮುಖವಾಗಿ ಹೋಗಿ ಕುರ್ಚಿಗಳ ಸಾಲಿನ ಮೇಲೆ ಬಿದ್ದಾಗ ತರಗತಿಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಮೇಷ್ಟ್ರಿಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ. ಕುರ್ಚಿಗಳು ಧಡಧಡನೆ ಒಂದರ ಮೇಲೊಂದು ಉರುಳಿದವು. ಅಂಗಡಿಯವರು ನೆಲದಲ್ಲೇ ತಡಕಾಡಿ ತಮ್ಮ ಕನ್ನಡಕ ಹುಡುಕಿ ಹಾಕಿಕೊಂಡು, ಮಣಿಕಟ್ಟು ನೀವಿಕೊಳ್ಳುತ್ತಾ, "ಏನಾಗಿಲ್ಲ, ಏನಾಗಿಲ್ಲ" ಎಂದರು. ಆದರೆ ಎದ್ದ ಮೇಲೆ ಅವರು ಮತ್ತೆ ಮೇಷ್ಟ್ರ ಎದುರಿಗೆ ಬಂದು ನಿಲ್ಲಲಿಲ್ಲ. ನೀರು ಕುಡಿಯುವ ನೆಪ ಹೇಳಿ ಆಚೆ ಹೋದರು.

ಅದು ಭಾನುವಾರ ಬೆಳಿಗ್ಗೆ, ಟೈರ್ ಅಂಗಡಿಯ ಪಕ್ಕದ ಸಭಾಂಗಣದಲ್ಲಿ ನಡೆಯುತ್ತಿದ್ದ ತೈ ಚಿ ಎಂಬ ಚೀನೀ ವ್ಯಾಯಾಮದ ತರಗತಿ. ಮೊದಲರ್ಧ ಎಲ್ಲರೂ ತಂತಮ್ಮ ಪಾಡಿಗೆ ನಿಧಾನವಾಗಿ ಕೈಕಾಲು ಆಡಿಸಬೇಕು. ಉಳಿದರ್ಧ ಕೈ ತಳ್ಳಾಟ. ಇಬ್ಬಿಬ್ಬರು ಎದುರುಬದುರು ನಿಂತು, ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ ಆಡುವುದು. ಒಬ್ಬರು ತಳ್ಳಿದರೆ ಇನ್ನೊಬ್ಬರು ಸೊಂಟ ತಿರುಗಿಸಿ ಆ ತಳ್ಳು ಹೋಗಲು ದಾರಿ ಬಿಡಬೇಕು, ಆಮೇಲೆ ತಾವು ತಳ್ಳಬೇಕು. ಇದರಲ್ಲಿ ಗೆಲ್ಲುವುದೆಂಬುದಿಲ್ಲ, ಎದುರಿನವರ ಬಲ ಎಲ್ಲಿಂದ ಬರುತ್ತಿದೆ, ಎತ್ತ ಹೊರಟಿದೆ ಎಂದು ಚರ್ಮದಿಂದಲೇ ತಿಳಿಯುವುದಷ್ಟೇ ಇರುವುದು ಎಂದು ಟೀಚರ್ ಹೇಳುತ್ತಿದ್ದರು. ಮೊದಲರ್ಧದಲ್ಲಿ ಮೇಷ್ಟ್ರು ಎಲ್ಲರಿಗಿಂತ ಚೆನ್ನಾಗಿ ಮಾಡುತ್ತಿದ್ದರು. ಎದುರಿಗೆ ಇನ್ನೊಂದು ಜೀವ ಬಂದು ನಿಂತಿತೋ, ಕೆಟ್ಟಿತು.

ಮೇಷ್ಟ್ರು ಕಾರು ಓಡಿಸುವುದನ್ನು ಕಲಿಸುವವರು. ಕಲಿಯುವವರ ಪಕ್ಕದ ಸೀಟಿನಲ್ಲಿ, ಎರಡನೆಯ ಬ್ರೇಕಿನ ಪೆಡಲ್ ಮೇಲೆ ಕಾಲಿಟ್ಟುಕೊಂಡು ಅರ್ಧ ಆಯಸ್ಸು ಕಳೆದಿದ್ದರು. ಎದುರಿಗೆ ನಾಯಿ ಬರಲಿ, ಸೈಕಲ್ ಬರಲಿ, ಗಾಳಿಗೆ ತರಗೆಲೆ ಹಾರಿ ಬರಲಿ, ಕಲಿಯುವವರು ನೋಡುವುದಕ್ಕೆ ಮುಂಚೆಯೇ ಅವರ ಕಾಲು ಪೆಡಲನ್ನು ತುಳಿದಿರುತ್ತಿತ್ತು. ಬೆನ್ನ ಹಿಂದೆ ಎಲ್ಲರೂ ಬ್ರೇಕ್ ಮೇಷ್ಟ್ರು ಎನ್ನುತ್ತಿದ್ದರು; ಅದು ಅವರಿಗೂ ಗೊತ್ತಿತ್ತು. ಹೀಗೆ ಬಿಗಿಹಿಡಿದು ಕೂತು ಕೂತು ಬಲಭುಜ ಮರಗಟ್ಟಿದಾಗ ಡಾಕ್ಟರು, "ಮಾತ್ರೆ ಕೊಟ್ಟೇನು, ಆದ್ರೆ ಮೈ ಸಡಿಲ ಬಿಡೋದನ್ನ ಮಾತ್ರೆ ಕಲಿಸಲ್ಲ" ಎಂದು ಈ ತರಗತಿಗೆ ಕಳಿಸಿದ್ದರು.

ಎಲ್ಲರೂ ಹೋದ ಮೇಲೆ ಟೀಚರ್ ಅವರನ್ನು ಕಿಟಕಿಯ ಬಳಿ ಕರೆದರು. ಹಿಂದೆ ಈಜು ಕಲಿಸುತ್ತಿದ್ದ, ದುಂಡಗಿನ, ಎಂದೂ ದನಿ ಎತ್ತದ ಹೆಂಗಸು ಅವರು.

"ಮೇಷ್ಟ್ರೇ, ಅವ್ರು ತಳ್ಳೋಕೆ ಮುಂಚೇನೇ ನೀವು ತಳ್ಳಿಬಿಟ್ರಿ."

"ತಳ್ಳೋ ಹಾಗೆ ಕಾಣಿಸ್ತು, ಟೀಚರ್."

"ಕಾಣಿಸ್ತು. ಕೈಗೆ ತಿಳೀಲಿಲ್ಲ, ಅಲ್ವಾ?"

ಮೇಷ್ಟ್ರು ತಲೆ ತಗ್ಗಿಸಿದರು. "ಹಾಗಾದ್ರೆ ಬರೋದು ಬಿಟ್ಬಿಡ್ಲಾ?"

"ಬಿಡಿ ಅಂದ್ನಾ? ಸ್ವಲ್ಪ ದಿನ ಮನೇಲಿ ಒಬ್ರೇ ಮಾಡಿ ಅಂತಿದ್ದೀನಿ."

"ಇಬ್ರು ಆಡೋದನ್ನ ಒಬ್ನೇ ಹೇಗೆ ಆಡ್ಲಿ? ಕನ್ನಡಿ ಮುಂದೆ ನಿಂತು ನನಗೆ ನಾನೇ ಟಾಟಾ ಮಾಡ್ಕೊಂಡ ಹಾಗಿರುತ್ತೆ."

ಟೀಚರ್ ನಕ್ಕರು. "ಮನೇಲಿ ಗೋಡೆ ಇದೆಯಲ್ಲ? ಮುಂಗೈ ಇಟ್ಟು ಮೆಲ್ಲಗೆ ಒತ್ತಿ. ನೀವೆಷ್ಟು ಒತ್ತುತ್ತೀರೋ ಗೋಡೇನೂ ನಿಮ್ಮನ್ನ ಅಷ್ಟೇ ಒತ್ತುತ್ತೆ. ಆ ವಾಪಸ್ ಬಂದದ್ದು ನಿಮ್ಮ ಮೈಯೊಳಗೆ ಎಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ ನೋಡ್ಕೊಳ್ಳಿ. ಸಿಕ್ಕಿದ ಕಡೆ ಸಡಿಲ ಬಿಡ್ತಾ ಹೋಗಿ. ಭುಜ ದಾಟಿ, ಸೊಂಟ ದಾಟಿ, ಹಿಂಗಾಲಿನ ಹಿಮ್ಮಡಿಯಿಂದ ನೆಲಕ್ಕೆ ಇಳೀಬೇಕು. ಅದು ಬಂದ್ಮೇಲೆ ಬಾಗಿಲು. ಗಾಳಿಗೆ ಆಡೋ ಬಾಗಿಲಿಗೆ ಕೈ ತಾಗಿಸ್ಕೊಂಡು ಅದು ಹೋದಲ್ಲಿ ಹೋಗಿ, ಬಂದಲ್ಲಿ ಬನ್ನಿ. ತಳ್ಳಬಾರ್ದು, ತಡೀಬಾರ್ದು, ಬಿಟ್ಟೂ ಬಿಡಬಾರ್ದು."

"ತೋಳು ಎಷ್ಟು ಬಿಗಿ ಇರ್ಬೇಕು?"

"ನಿಮ್ಮ ಕಾರಿನ ಟೈರ್ ಇದ್ದ ಹಾಗೆ. ಗಾಳಿ ಕಮ್ಮಿಯಾದ್ರೆ ಕುಸಿದು ಕೂರುತ್ತೆ. ಜಾಸ್ತಿಯಾದ್ರೆ ಸಣ್ಣ ಕಲ್ಲಿಗೂ ಎಗರುತ್ತೆ."

ಇದು ಮಾತ್ರ ಮೇಷ್ಟ್ರಿಗೆ ಚೆನ್ನಾಗಿ ಅರ್ಥವಾಯಿತು.

ಮನೆಯಲ್ಲಿ ಇದ್ದದ್ದು ಮೂವರು: ಮೇಷ್ಟ್ರು, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅವರ ಹೆಂಡತಿ, ಮತ್ತು ಹೆಂಡತಿಯ ತಂದೆ. ಮಾವ ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಗಾಡಿಗಳು ಬರುವ ಹೋಗುವ ಹೊತ್ತನ್ನು ಸಾರುತ್ತಿದ್ದವರು. ಅವರ ದನಿ ಕೇಳಿದರೆ ಓಡುತ್ತಿದ್ದವರೂ ನಿಲ್ಲುತ್ತಿದ್ದರಂತೆ. ಹೋದ ವರ್ಷ ಡಾಕ್ಟರು ಅವರ ಕೈ ನಡುಕಕ್ಕೆ ಪಾರ್ಕಿನ್ಸನ್ ಎಂದು ಹೆಸರಿಟ್ಟರು. ಕಾಯಿಲೆ ಕೈಯಿಂದ ಕಾಲಿಗೆ ಇಳಿಯಿತು, ಕಾಲಿನಿಂದ ಗಂಟಲಿಗೆ ಏರಿತು. ಆ ದೊಡ್ಡ ದನಿ ಈಗ ಪಿಸುಮಾತಾಗಿತ್ತು. ಮಗಳು ಹೋಗಿ ತನ್ನ ಮನೆಗೆ ಕರೆತಂದಳು.

ಮಾವನಿಗೆ ಈ ಅಳಿಯ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಮದುವೆಯ ದಿನ ಅವರು ಅಳಿಯನೊಡನೆ ಆಡಿದ್ದು ಒಂದೇ ಮಾತು: "ಕಾರು ಎಲ್ಲಿ ನಿಲ್ಲಿಸಿದ್ದೀರಿ?" ಅಲ್ಲಿಂದೀಚೆಗೆ ಮರ್ಯಾದೆಗೆ ಕೊರತೆ ಇರಲಿಲ್ಲ, ಮಾತಿಗೇ ಕೊರತೆ. ಈಗ ಒಂದೇ ಸೂರಿನಡಿ ಇದ್ದರೂ ಎಲ್ಲ ಮಗಳ ಮೂಲಕವೇ ನಡೆಯಬೇಕು. ಅಳಿಯ ಮಾರು ದೂರದಲ್ಲಿ ಕೂತಿದ್ದಾಗಲೇ ಮಾವ ಮಗಳ ಕಡೆ ತಿರುಗಿ, "ಅಳಿಯಂದ್ರಿಗೆ ಫ್ಯಾನ್ ಜೋರಾಯ್ತಾ ಕೇಳಮ್ಮ" ಎನ್ನುವರು. ಅಳಿಯನೂ ಹೆಂಡತಿಯ ಕಡೆ ನೋಡಿ, "ಇಲ್ಲ, ಸರಿಯಾಗಿದೆ ಅಂತ ಹೇಳು" ಎನ್ನುವರು. ಅವಳು ಇಬ್ಬರ ಮುಖವನ್ನೂ ನೋಡಿ ಫ್ಯಾನನ್ನೇ ಆರಿಸಿ ಹೋಗುವಳು.

ಆ ಭಾನುವಾರದ ದೆಸೆ ಬೆಳಗಿಗೇ ಮುಗಿಯಲಿಲ್ಲ. ಸಂಜೆ ಮಾವ ಬಚ್ಚಲ ಬಾಗಿಲಲ್ಲಿ ನಿಂತುಬಿಟ್ಟರು. ಬಾಗಿಲು ಬಂದರೆ ಸಾಕು, ಅವರ ಕಾಲು ಹಾಗೆ ನೆಲಕ್ಕೆ ಕಚ್ಚಿಕೊಳ್ಳುತ್ತಿತ್ತು. ಮನಸ್ಸು ಮುಂದೆ ಹೋಗಿರುತ್ತಿತ್ತು, ಪಾದ ಹೊಸ್ತಿಲೀಚೆಯೇ. ಹೆಂಡತಿ ಒಲೆಯ ಮುಂದಿದ್ದಳು. ಮೇಷ್ಟ್ರು ಓಡಿ ಹೋಗಿ ಮಾವನ ಎರಡೂ ಕೈ ಹಿಡಿದು, ಕಾರು ಹಿಂದಕ್ಕೆ ತೆಗೆಸುವವರ ಹಾಗೆ, "ಬನ್ನಿ ಮಾವ, ಬನ್ನಿ, ಬನ್ನಿ, ಬನ್ನಿ" ಎನ್ನುತ್ತಾ ಎಳೆದರು. ಮೈ ಬಂತು, ಕಾಲು ಬರಲಿಲ್ಲ. ಮಾವ ಇಡಿಯಾಗಿ ಅವರ ಎದೆಯ ಮೇಲೆ ಬಿದ್ದು, ಇಬ್ಬರೂ ಹೋಗಿ ಗೋಡೆಗೆ ಬಡಿದರು. ಸೋಪಿನ ಡಬ್ಬಿ, ಬಕೆಟ್ಟು, ಮಗ್ಗು ಎಲ್ಲ ಚೆಲ್ಲಾಪಿಲ್ಲಿ.

"ನಾನೇನು ಕೆಟ್ಟು ನಿಂತ ಗಾಡೀನಾ," ಎಂದು ಮಾವ ಏದುಸಿರಿನಲ್ಲೇ ಪಿಸುಗುಟ್ಟಿದರು, "ಹಗ್ಗ ಕಟ್ಟಿ ಎಳ್ಯೋಕೆ?"

ಹೆಂಡತಿ ಬಂದು ತಂದೆಯನ್ನು ಕುರ್ಚಿಗೆ ತಲುಪಿಸಿದಳು. ಆಮೇಲೆ ಗಂಡನ ಕಡೆ ತಿರುಗಿ, "ರೀ, ಅಪ್ಪನ್ನ ಎಬ್ಬಿಸೋದು, ನಡೆಸೋದು ನಾನೇ ನೋಡ್ಕೋತೀನಿ. ನೀವು ಮುಟ್ಬೇಡಿ" ಎಂದಳು. ರೇಗಿಯೇನೂ ಹೇಳಲಿಲ್ಲ. ರೇಗಿದ್ದರೆ ಮೇಷ್ಟ್ರು ತಿರುಗಿ ಏನಾದರೂ ಅನ್ನಬಹುದಿತ್ತು.

ಒಂದೇ ದಿನ ಎರಡು ಕಡೆ ಇನ್ನೊಬ್ಬರನ್ನು ಮುಟ್ಟಕೂಡದೆಂದು ಅನ್ನಿಸಿಕೊಂಡವರಿಗೆ ಉಳಿದದ್ದು ಗೋಡೆಯೇ. ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಹಜಾರದಲ್ಲಿ ಚಪ್ಪಲಿ ಗೂಡಿನ ಪಕ್ಕದ ಗೋಡೆಗೆ ಮುಂಗೈ ಇಟ್ಟು ನಿಂತರು. ಹೆಂಡತಿ ಬುತ್ತಿ ಕಟ್ಟಿಕೊಂಡು ಬಂದವಳು ನೋಡಿ, "ಬೀಳೋ ಹಾಗಿದೆಯಾ ಗೋಡೆ?" ಎಂದಳು.

"ಒತ್ತಿದ್ದು ವಾಪಸ್ ಬರುತ್ತಂತೆ. ಎಲ್ಲಿಗೆ ಬರುತ್ತೆ ನೋಡ್ತಿದ್ದೀನಿ."

"ಬಂದ್ರೆ ಹೇಳಿ, ನಾನು ಅಂಗಡೀಲಿರ್ತೀನಿ" ಎಂದು ಚಪ್ಪಲಿ ಮೆಟ್ಟಿ ಹೊರಟಳು.

ಒತ್ತಿದ್ದೇನೋ ಬರುತ್ತಿತ್ತು. ನೆಟ್ಟಗೆ ಬಂದು ಬಲಭುಜದಲ್ಲಿ ಕೂರುತ್ತಿತ್ತು, ಮೊಂಡು ನೆಂಟನ ಹಾಗೆ. ಭುಜ ಕೆಳಗೆ ಬಿಟ್ಟರೆ ಹಲ್ಲು ಕಚ್ಚಿಕೊಳ್ಳುತ್ತಿತ್ತು. ಹಲ್ಲು ಬಿಟ್ಟರೆ ಮಂಡಿ ಸೆಟೆದುಕೊಳ್ಳುತ್ತಿತ್ತು. ತಮ್ಮ ಮೈಯೊಳಗೆ ಇಷ್ಟು ಕಡೆ ಬ್ರೇಕ್ ಇದೆಯೆಂದು ಮೇಷ್ಟ್ರಿಗೆ ಗೊತ್ತೇ ಇರಲಿಲ್ಲ. ದಿನಾ ಒಂದೊಂದನ್ನೇ ಹುಡುಕಿ ಸಡಿಲಿಸುತ್ತಾ ಹೋದರು. ಕೆಲವು ವಾರಗಳ ನಂತರ ಒಂದು ಬೆಳಿಗ್ಗೆ, ಏನೂ ವಿಶೇಷವಾಗಿ ಮಾಡದಿರುವಾಗ, ಗೋಡೆಯ ಒತ್ತಡ ತೋಳಿನಲ್ಲಿ ನಿಲ್ಲದೆ, ಬೆನ್ನಿನುದ್ದಕ್ಕೂ ಇಳಿದು, ಹಿಂಗಾಲಿನ ಹಿಮ್ಮಡಿಯ ಕೆಳಗೆ ನೆಲವನ್ನು ಒತ್ತಿದ್ದು ಸ್ಪಷ್ಟವಾಗಿ ತಿಳಿಯಿತು. ಇನ್ನೊಂದಿಷ್ಟು ಒತ್ತಿದರು, ನೆಲ ಇನ್ನೊಂದಿಷ್ಟು ಗಟ್ಟಿಯಾಯಿತು. ಭುಜಕ್ಕೆ ಏನೂ ಇಲ್ಲ. ಯಾರಿಗಾದರೂ ಹೇಳಬೇಕೆನ್ನಿಸಿ ತಿರುಗಿದರೆ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮಾವ ಮಾತ್ರ ಇದ್ದರು. ಮೇಷ್ಟ್ರು ಕೆಮ್ಮಿ ಮತ್ತೆ ಗೋಡೆಯ ಕಡೆ ತಿರುಗಿದರು.

ಬಾಗಿಲು ಇನ್ನೂ ಕಷ್ಟ ಕೊಟ್ಟಿತು. ಅಡುಗೆಮನೆಯ ಬಾಗಿಲಿಗೆ ಚಿಲಕ ಸಡಿಲ, ಹಿತ್ತಲ ಕಡೆಯಿಂದ ಗಾಳಿ ಬಂದರೆ ಅತ್ತಿತ್ತ ಆಡುತ್ತಿತ್ತು. ಅದಕ್ಕೆ ಅಂಗೈ ಹಿಂಭಾಗ ತಾಗಿಸಿ ನಿಂತರೆ, ಗಾಳಿ ಬರುವ ಮುಂಚೆಯೇ ಕೈ ಬಾಗಿಲನ್ನು ದೂಡುತ್ತಿತ್ತು, ಇಲ್ಲವೇ ಬಾಗಿಲು ಬಂದ ಮೇಲೆ ಎಚ್ಚರಾಗಿ ತಡೆಯುತ್ತಿತ್ತು. ಒಮ್ಮೆ ಗಾಳಿ ಜೋರಾಗಿ ಬೀಸಿ ಬಾಗಿಲಿನ ಅಂಚು ಸೀದಾ ಮೂಗಿಗೆ ಹೊಡೆಯಿತು. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕುರ್ಚಿಯಿಂದಲೂ ಒಂದು ಸಣ್ಣ ಸದ್ದು ಬಂತು. ಮೇಷ್ಟ್ರು ಮೂಗು ಹಿಡಿದುಕೊಂಡೇ ಆ ಕಡೆ ನೋಡಿದರು. ಮಾವ ಕಿಟಕಿಯಾಚೆ ನೋಡುತ್ತಿದ್ದರು, ಆದರೆ ಹೆಗಲು ಕುಲುಕುತ್ತಿತ್ತು, ಅದು ಕಾಯಿಲೆಯ ನಡುಕವಲ್ಲ.

ಆಮೇಲೆ ಬರಿಗಾಳಿಯ ಜೊತೆ. ಒಂದು ಕಾಲು ಮುಂದಿಟ್ಟು, ಎದುರಿಗೆ ಕನ್ನಡಕದಂಗಡಿಯವರು ನಿಂತಿದ್ದಾರೆ, ಅವರ ಮಣಿಕಟ್ಟು ತನ್ನ ಮಣಿಕಟ್ಟಿಗೆ ತಾಗಿದೆ ಎಂದುಕೊಂಡು ಭಾರ ಹಿಂದಕ್ಕೆ ತಂದು, ಸೊಂಟ ತಿರುಗಿಸಿ, ಮತ್ತೆ ಮುಂದಕ್ಕೆ. ಹೀಗೆ ಸುತ್ತುತ್ತಿರುವಾಗ ಮೇಷ್ಟ್ರಿಗೆ ಒಂದು ವಿಚಾರ ಹೊಳೆದು ಮುಖ ಸಣ್ಣದಾಯಿತು. ಇಲ್ಲದೇ ಇರುವ ಮನುಷ್ಯನನ್ನೂ ತಾವು ಅವಸರಪಡಿಸುತ್ತಿದ್ದರು. ಅವನ ಸರದಿ ಮುಗಿಯಲು ಬಿಡುತ್ತಿರಲಿಲ್ಲ. ಯಾಕೆ ಎಂದು ಕೇಳಿಕೊಂಡರೆ, ಉತ್ತರ ಹೊಟ್ಟೆಯಲ್ಲಿತ್ತು: ಹೆದರಿಕೆ. ಏನೋ ಬಂದು ಅಪ್ಪಳಿಸಿಬಿಡುತ್ತದೆ, ಅದಕ್ಕೆ ಮುಂಚೆ ಏನಾದರೂ ಮಾಡಿಬಿಡಬೇಕು ಎಂಬ ಹೆದರಿಕೆ. ಅದನ್ನೇ ಅವರು ಇಷ್ಟು ದಿನ ಚುರುಕುತನ ಎಂದುಕೊಂಡಿದ್ದರು.

ಆ ವಾರ ಅವರ ಬಳಿ ಕಲಿಯುತ್ತಿದ್ದ ಬ್ಯಾಂಕಿನ ಮೇಡಂ ಎರಡು ರಸ್ತೆ ಕೂಡುವಲ್ಲಿ ಬಂದಾಗ, ಪಕ್ಕದ ಓಣಿಯಿಂದ ತರಕಾರಿ ಗಾಡಿಯೊಂದು ಅಡ್ಡ ಬಂತು. ಮೇಷ್ಟ್ರ ಪಾದ ಪೆಡಲಿನ ಮೇಲೆಯೇ ಇತ್ತು, ತೂಕ ಹಾಕಲಿಲ್ಲ. ಕಾರಿನ ಮೈ ಹೇಗಿದೆ, ಮೇಡಂ ಅವರ ಕಾಲು ಏನು ಮಾಡುತ್ತಿದೆ ಎಂದು ಪಾದದಡಿಯಲ್ಲೇ ಕಾದರು. ಕಾರು ತಾನಾಗಿ ನಿಧಾನವಾಯಿತು, ಮೆತ್ತಗೆ ನಿಂತಿತು.

"ಮೇಷ್ಟ್ರೇ," ಮೇಡಂ ಕಣ್ಣರಳಿಸಿ ಕೇಳಿದರು, "ಈಗ ಬ್ರೇಕ್ ಹಾಕಿದ್ದು ನಾನಾ, ನೀವಾ?"

"ನೀವೇ ಮೇಡಂ."

ಆ ಖುಷಿಗೆ ಅವರು ಮುಂದಿನ ತಿರುವಿನಲ್ಲಿ ಇಂಡಿಕೇಟರ್ ಹಾಕುವುದನ್ನೇ ಮರೆತರು. ಮೇಷ್ಟ್ರು ಗದರಲಿಲ್ಲ.

ಬಚ್ಚಲ ಬಾಗಿಲಿನ ಪರೀಕ್ಷೆ ಒಂದು ಸಂಜೆ ಹೇಳದೆ ಕೇಳದೆ ಬಂತು. ಹೆಂಡತಿಗೆ ಅಂಗಡಿಯಲ್ಲಿ ಸಂಜೆಯ ಪಾಳಿ. ಮೇಷ್ಟ್ರು ಕೆಲಸ ಮುಗಿಸಿ ಬಂದಾಗ ಮಾವ ಹೊಸ್ತಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಹಣೆ ಬೆವೆತಿತ್ತು. ಬಾಗಿಲ ಚೌಕಟ್ಟನ್ನು ಹಿಡಿದ ಬೆರಳು ಬೆಳ್ಳಗಾಗಿದ್ದವು. ಅಳಿಯನನ್ನು ಕಂಡು ಕಣ್ಣು ಪಕ್ಕಕ್ಕೆ ಹೊರಳಿಸಿದರು.

ಮೇಷ್ಟ್ರು ಕೈಚೀಲ ಕೆಳಗಿಟ್ಟರು. ಓಡಬೇಕೆಂದು ಕಾಲು ತುಡಿಯಿತು, ನಡೆದೇ ಹೋದರು. ಪಕ್ಕಕ್ಕೆ ನಿಂತು, "ಮಾವ, ನಾನು ಎಳ್ಯಲ್ಲ. ಸುಮ್ನೆ ಕೈ ಇಡ್ತೀನಿ" ಎಂದು ತಮ್ಮ ಮುಂಗೈಯನ್ನು ಮಾವನ ಮುಂಗೈಯ ಕೆಳಗೆ ತಾಗಿಸಿದರು. ಎತ್ತಲಿಲ್ಲ, ಹಿಡಿಯಲಿಲ್ಲ. ಮೊದಲು ತಿಳಿದದ್ದು ನಡುಕವೊಂದೇ. ಹಾಗೆಯೇ ಕಾದರು. ಸ್ವಲ್ಪ ಹೊತ್ತಿಗೆ ಆ ನಡುಕದ ಅಡಿಯಲ್ಲಿ ಇನ್ನೊಂದು ಚಲನೆ ಸಿಕ್ಕಿತು, ಬಾಗಿಲು ಗಾಳಿಗೆ ಆಡುವ ಮುಂಚೆ ಒಂದಿಷ್ಟು ಕದಲುವ ಹಾಗೆ. ಮಾವನ ಮೈ ಎಡಕ್ಕೆ ವಾಲಲು ನೋಡುತ್ತಿತ್ತು, ಧೈರ್ಯ ಸಾಲದೆ ಹಿಂತಿರುಗುತ್ತಿತ್ತು. ಮುಂದಿನ ಸಲ ಅದು ಎಡಕ್ಕೆ ಹೋದಾಗ ಮೇಷ್ಟ್ರು ತಾವೂ ಭಾರವನ್ನು ಎಡಗಾಲಿಗೆ ಹಾಕಿದರು. ವಾಪಸ್ ಬಂದಾಗ ಬಲಕ್ಕೆ ಬಂದರು. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ಇಬ್ಬರೂ ಬಚ್ಚಲ ಬಾಗಿಲಲ್ಲಿ ತೊಟ್ಟಿಲ ಹಾಗೆ ತೂಗುತ್ತಾ ನಿಂತರು. ಒಂದು ಸಲ ಎಡಕ್ಕೆ ಚೆನ್ನಾಗಿ ವಾಲಿದಾಗ, ಭಾರ ಕಳೆದುಕೊಂಡ ಮಾವನ ಬಲಗಾಲು ನೆಲ ಬಿಟ್ಟು ಎದ್ದು ಹೊಸ್ತಿಲು ದಾಟಿತು. ಹಿಂದೆಯೇ ಇನ್ನೊಂದು.

ಮೇಷ್ಟ್ರು ಮೆಲ್ಲಗೆ ಕೈ ತೆಗೆದರು. ಹೊರಗೆ ಬಂದು ಗೋಡೆಗೊರಗಿ ನಿಂತರು. ತಮ್ಮ ಬೆನ್ನೂ ಬೆವೆತದ್ದು ಆಗ ತಿಳಿಯಿತು.

ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಮಾವ ಮಗಳ ಕಡೆ ತಿರುಗಿದರು. "ನಿನ್ನೆ ಅಳಿಯಂದ್ರು ಏನು ಮಾಡಿದ್ರು ಅಂತ ಕೇಳಮ್ಮ."

"ಏನೂ ಮಾಡ್ಲಿಲ್ಲ ಅಂತ ಹೇಳು" ಎಂದರು ಮೇಷ್ಟ್ರು.

ಮಗಳು ತಟ್ಟೆ ಕೆಳಗಿಟ್ಟಳು. "ನೋಡಿ, ನನಗೆ ಅಂಗಡಿಗೆ ಹೊತ್ತಾಯ್ತು. ಇನ್ಮೇಲೆ ನಿಮ್ಮಿಬ್ರ ಮಾತು ನೀವೇ ಹೊತ್ಕೊಳ್ಳಿ" ಎಂದು ಚೀಲ ಹೆಗಲಿಗೇರಿಸಿ ಹೋಗಿಯೇಬಿಟ್ಟಳು.

ಕೊನೆಗೆ ಮಾವನೇ ಬಾಯಿಬಿಟ್ಟರು.

"ಏನೂ ಮಾಡ್ದೆ ನಾನು ಹೇಗೆ ಒಳಗೆ ಹೋದೆ?"

"ನೀವೇ ಹೋದ್ರಿ ಮಾವ. ನಾನು ಜೊತೇಲಿದ್ದೆ, ಅಷ್ಟೇ."

ಮಾವ ಅಡುಗೆಮನೆಯ ಬಾಗಿಲ ಕಡೆ ನೋಡಿದರು. "ಆ ಬಾಗಿಲ ಹತ್ರ ಆಡ್ತೀರಲ್ಲ, ಅದನ್ನ ಇಬ್ರು ಆಡೋದು ಹೇಗೆ?"

ಮೊದಲು ಕೂತೇ ಆಡಿದರು, ಕುರ್ಚಿ ಎದುರುಬದುರು ಹಾಕಿಕೊಂಡು. ಮೇಷ್ಟ್ರಿಗೆ ಅಷ್ಟು ದಿನ ಗೋಡೆ, ಬಾಗಿಲು, ಗಾಳಿಯಿಂದ ಸಿಕ್ಕಿದ್ದೆಲ್ಲ ಈಗ ಒಂದೇ ಕೈಯಲ್ಲಿ ಸಿಕ್ಕಿತು. ಮಾವನ ಕೈಯಲ್ಲಿ ನಡುಕವಿತ್ತು, ನಡುಕದೊಳಗೆ ಹಟವಿತ್ತು, ಆಗಾಗ ಕಳ್ಳತನವೂ ಇತ್ತು. ಸುಸ್ತಾದವರಂತೆ ಕೈ ಇಳಿಬಿಟ್ಟು, ಅಳಿಯ ಮೈಮರೆತಾಗ ಫಕ್ಕನೆ ತಳ್ಳಿಬಿಡುತ್ತಿದ್ದರು. ಡಾಕ್ಟರು ಜೋರಾಗಿ ಮಾತಾಡಿ ಅಭ್ಯಾಸ ಮಾಡಿ ಎಂದು ಹೇಳಿ ಹೇಳಿ ಸೋತಿದ್ದರು. ಗೋಡೆ ನೋಡಿಕೊಂಡು ಕೂಗಲು ತಮಗೇನು ಹುಚ್ಚೇ ಎಂದು ಮಾವ ಒಪ್ಪಿರಲಿಲ್ಲ. ಈಗ ಕೈ ಸುತ್ತುತ್ತಿರುವಾಗ ಒಂದು ದಿನ ಅವರ ಗಂಟಲಿನಿಂದ ಹಳೆಯ ರಾಗ ಹೊರಟಿತು.

"ಪ್ರಯಾಣಿಕರ ಗಮನಕ್ಕೆ. ಅಳಿಯಂದಿರ ಬಲಗೈ ನಿಗದಿತ ಸಮಯಕ್ಕಿಂತ ತಡವಾಗಿ ಬರುತ್ತಿದೆ. ಆಗಿರುವ ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ."

ಮೇಷ್ಟ್ರಿಗೆ ನಗು ತಡೆಯದೆ ಮೈಯೆಲ್ಲ ಸಡಿಲವಾಯಿತು. ಅದೇ ಹೊತ್ತಿಗೆ ಮಾವ ತಳ್ಳಿದರು. ಮೇಷ್ಟ್ರು ಕುರ್ಚಿ ಸಮೇತ ಹಿಂದಕ್ಕೆ ವಾಲಿ, ಹೇಗೋ ಸಾವರಿಸಿಕೊಂಡರು. ಪಕ್ಕದ ಮನೆಯಾಕೆ ಕಿಟಕಿಯಿಂದ ಬಗ್ಗಿ ನೋಡಿ, "ರೇಡಿಯೋ ತಗೊಂಡ್ರಾ?" ಎಂದು ಕೇಳಿದರು.

ಆಮೇಲೆ ನಿಂತು ಆಡತೊಡಗಿದರು, ಮಾವನ ಬೆನ್ನ ಹಿಂದೆ ಮಂಚವಿರುವ ಹಾಗೆ. ಬಾಗಿಲಲ್ಲಿ ಕಾಲು ಕಚ್ಚಿಕೊಂಡರೆ ಮಾವ ಈಗ ಗಾಬರಿಪಡುತ್ತಿರಲಿಲ್ಲ. ತಾವೇ ಅತ್ತಿತ್ತ ವಾಲಿ, ಭಾರ ಒಂದು ಕಡೆಗೆ ಹೋಗುವುದನ್ನು ಕಾದು, ಹೆಜ್ಜೆ ಕೀಳುತ್ತಿದ್ದರು. ಹೆಂಡತಿ ಇದನ್ನೆಲ್ಲ ನಂಬಿದ್ದೂ ನಂಬದಂತಿದ್ದಳು. ಅಡುಗೆ ಮಾಡುತ್ತಲೇ ಕಿವಿ ಮಾತ್ರ ಹಜಾರದಲ್ಲಿಟ್ಟಿರುತ್ತಿದ್ದಳು.

ಅವಳ ಅನುಮಾನವೇ ನಿಜವೆನ್ನಿಸುವ ದಿನವೂ ಬಂತು. ಬೆಳಿಗ್ಗೆ ಫೋನ್ ರಿಂಗಾಯಿತೆಂದು ಮಾವ ಅವಸರದಿಂದ ಎದ್ದವರು ಮಂಚದ ಪಕ್ಕದಲ್ಲೇ ಬಿದ್ದರು. ಮೂಳೆ ಮುರಿಯಲಿಲ್ಲ, ಕೆನ್ನೆ ಊದಿ ನೀಲಿಗಟ್ಟಿತು. ಅದಕ್ಕಿಂತ ಹೆಚ್ಚಾಗಿ ಧೈರ್ಯ ಹೋಯಿತು. ಮಂಚ ಬಿಟ್ಟು ಏಳಲೊಲ್ಲರು. ಮೇಷ್ಟ್ರು ಹೋಗಿ ಪಕ್ಕದಲ್ಲಿ ಕೂತರೆ ಗೋಡೆಯ ಕಡೆ ಹೊರಳಿ, "ಆಟ ಸಾಕು ಅಳಿಯಂದ್ರೇ. ನನ್ನಿಂದಾಗಲ್ಲ" ಎಂದರು. ದನಿ ಮತ್ತೆ ಪಿಸುಮಾತಿಗೆ ಇಳಿದಿತ್ತು.

ಹೇಳಲು ಮೇಷ್ಟ್ರ ನಾಲಿಗೆಯ ತುದಿಯಲ್ಲಿ ಬೇಕಾದಷ್ಟಿತ್ತು. ಡಾಕ್ಟರು ಏನೆಂದರು, ಎಷ್ಟು ಸುಧಾರಿಸಿತ್ತು, ಸುಮ್ಮನೆ ಮಲಗಿದರೆ ಏನಾಗುತ್ತದೆ. ಬಾಯಿ ತೆರೆದರು, ಮಾವನ ಬೆನ್ನು ನೋಡಿದರು, ಆ ಬೆನ್ನು ಮುಟ್ಟದೆಯೇ ಬಿಗಿಯಾದದ್ದು ಕಂಡಿತು. ಬಾಯಿ ಮುಚ್ಚಿಕೊಂಡು ಹಜಾರಕ್ಕೆ ಬಂದರು.

"ನೀವಾದ್ರೂ ಒಂದು ಮಾತು ಹೇಳ್ಬಾರ್ದಾ?" ಎಂದು ಹೆಂಡತಿ ಕಣ್ಣೊರೆಸಿಕೊಂಡಳು.

"ಈಗ ತಳ್ಳಿದ್ರೆ ಇನ್ನೂ ಬಿಗಿಯಾಗ್ತಾರೆ ಕಣೇ. ಸ್ವಲ್ಪ ಇರು."

"ಎಷ್ಟು ದಿನ ಇರೋದು?"

ಮೇಷ್ಟ್ರು ಮತ್ತೆ ಒಬ್ಬರೇ ಅಭ್ಯಾಸಕ್ಕೆ ನಿಂತರು. ಮಾವನ ಕೋಣೆಯ ಬಾಗಿಲು ತೆರೆದಿರುತ್ತಿತ್ತು; ಒಳಗಿನಿಂದ ಕಾಣುವ ಜಾಗದಲ್ಲೇ ನಿಂತರು, ಆದರೆ ಒಳಗೆ ನೋಡಲಿಲ್ಲ, ಕರೆಯಲಿಲ್ಲ. ಈ ಸಲ ಒಂಟಿ ಅಭ್ಯಾಸ ಬೇರೆಯೇ ಆಗಿತ್ತು. ಎದುರಿನ ಗಾಳಿಯಲ್ಲಿ ಈಗ ನಿಜವಾದ ಒಂದು ಕೈ ಇತ್ತು, ಅದರ ನಡುಕ, ಅದರ ತೂಕ, ಅದರ ಕಳ್ಳಾಟ ಎಲ್ಲ ಮುಂಗೈಗೆ ನೆನಪಿತ್ತು. ಅದರ ಸರದಿ ಮುಗಿಯುವವರೆಗೂ ಕಾದು, ಆಮೇಲೆ ತಮ್ಮ ಸರದಿ ತೆಗೆದುಕೊಳ್ಳುತ್ತಿದ್ದರು. ದಿನಗಳು ಹೋದವು. ಕೆನ್ನೆಯ ನೀಲಿ ಹಳದಿಗೆ ತಿರುಗಿ ಮಾಸಿತು. ಕೆಲವು ದಿನ ಬೆಳಿಗ್ಗೆ ಮೇಷ್ಟ್ರಿಗೆ, ಇದೆಲ್ಲ ತಮ್ಮನ್ನು ತಾವು ಸಮಾಧಾನಪಡಿಸಿಕೊಳ್ಳುವ ಆಟವೇನೋ, ನಾಲ್ಕು ಮಾತು ಹೇಳಿ ಎಬ್ಬಿಸಿದ್ದರೆ ಎದ್ದುಬಿಡುತ್ತಿದ್ದರೇನೋ ಎಂದು ಅನ್ನಿಸುತ್ತಿತ್ತು.

ಒಂದು ಬೆಳಿಗ್ಗೆ ಹಾಗೆ ಸುತ್ತುತ್ತಿರುವಾಗ ಒಳಗಿನಿಂದ ಮಂಚ ಕಿರುಗುಟ್ಟಿತು. ಚಪ್ಪಲಿ ಎಳೆಯುವ ಸದ್ದು ಬಾಗಿಲವರೆಗೆ ಬಂದು ನಿಂತಿತು. ಮೇಷ್ಟ್ರು ತಿರುಗಲಿಲ್ಲ. ಹೊಸ್ತಿಲ ಬಳಿ ಅತ್ತಿತ್ತ ವಾಲುವ ಬಟ್ಟೆಯ ಸರಪರ ಕೇಳಿಸಿತು. ಆಮೇಲೆ ಹತ್ತಿರದಲ್ಲೇ ದನಿ.

"ಇಷ್ಟು ದಿನದಿಂದ ಆ ಗಾಳೀನ ಯಾಕೆ ಗೋಳು ಹೊಯ್ಕೋತೀರಿ? ಕೈ ಕೊಡಿ ಇಲ್ಲಿ."

ಮುಂದಿನ ಭಾನುವಾರ ಮೇಷ್ಟ್ರು ತರಗತಿಗೆ ಹೋದರು. ಕನ್ನಡಕದಂಗಡಿಯವರು ಒಳ್ಳೆಯ ಮನುಷ್ಯರು, ಎದುರಿಗೆ ಬಂದು ನಿಂತರು. ಆದರೆ ಮೊದಲು ಹಿಂದಿದ್ದ ಕುರ್ಚಿಗಳನ್ನೆಲ್ಲ ಎತ್ತಿ ದೂರ ಇಟ್ಟು ಬಂದರು. ಮಣಿಕಟ್ಟು ತಾಗಿಸಿದರು. ಅಂಜುತ್ತಲೇ ತಳ್ಳಿದರು. ತಳ್ಳಿದ್ದಕ್ಕೆ ಎದುರೇನೂ ಸಿಗದೆ ಇನ್ನೊಂದಿಷ್ಟು ತಳ್ಳಿ, ಮುಗ್ಗರಿಸಿ ಮೇಷ್ಟ್ರ ತೋಳಿಗೇ ಬಂದು ಆತುಕೊಂಡರು.

"ಎಲ್ಲಿ ಹೋದ್ರಿ ಮೇಷ್ಟ್ರೇ?"

"ಇಲ್ಲೇ ಇದ್ದೀನಿ. ನಿಮ್ಮ ಕನ್ನಡಕ ಹುಷಾರು."

ಟೀಚರ್ ದೂರದಿಂದ ನೋಡುತ್ತಿದ್ದವರು ಹತ್ತಿರ ಬಂದರು. "ಒಬ್ರೇ ಮಾಡಿದ್ದಾ?"

"ಶುರು ಮಾಡಿದ್ದು ಒಬ್ನೇ. ಆಮೇಲೆ ನಮ್ಮ ಮಾವ ಸಿಕ್ಕಿದ್ರು" ಎಂದರು ಮೇಷ್ಟ್ರು.

ಹೆಂಡತಿಯ ಅಂಗಡಿಯವರೆಲ್ಲ ಸೇರಿ ಒಂದು ರಜೆಯ ದಿನ ಕೆರೆಯಂಚಿನ ಉದ್ಯಾನಕ್ಕೆ ಹೊರಟಾಗ ಅವಳು ಎಂದಿನಂತೆ ಬರುವುದಿಲ್ಲ ಎಂದಿದ್ದಳು. ತಂದೆ ಬಂದ ಮೇಲೆ ಅವಳು ಮನೆ ಮತ್ತು ಅಂಗಡಿ ಬಿಟ್ಟು ಎಲ್ಲಿಗೂ ಹೋದವಳಲ್ಲ. ಈ ಸಲ ಮಾವ, ಅಳಿಯ ಇಬ್ಬರೂ ಒಟ್ಟಿಗೆ ಅವಳ ಬೆನ್ನು ಹತ್ತಿ, ಹೋಗಲೇಬೇಕೆಂದು ಹಟ ಹಿಡಿದರು. ಅವಳು ಮಾತ್ರೆಗಳ ಹೊತ್ತು ಹೇಳಿ, ಮತ್ತೆ ಬಾಗಿಲಿಗೆ ಬಂದು ಹೇಳಿ, ಬಸ್ಸಿನಿಂದ ಫೋನ್ ಮಾಡಿ ಹೇಳಿ, ಅಂತೂ ಹೋದಳು.

ಮಧ್ಯಾಹ್ನ ಊಟದ ಹೊತ್ತಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ಗಂಡನ ಫೋನಿಗೆ ಮಾಡಿದಳು, ಅದೂ ರಿಂಗಾಗಿ ರಿಂಗಾಗಿ ನಿಂತಿತು. ಗೆಳತಿಯರಿಗೆ ಸರಿಯಾಗಿ ಹೇಳದೆ ಸಿಕ್ಕಿದ ಬಸ್ಸು ಹತ್ತಿ ಬಂದುಬಿಟ್ಟಳು. ಮನೆಯ ಬಾಗಿಲು ತೆರೆದೇ ಇತ್ತು. ಕಿಟಕಿಯ ಪಕ್ಕದ ಕುರ್ಚಿ ಖಾಲಿ, ಕೋಣೆ ಖಾಲಿ, ಬಚ್ಚಲು ಖಾಲಿ. ಎರಡು ಫೋನುಗಳೂ ಮೇಜಿನ ಮೇಲೆ ಅಕ್ಕಪಕ್ಕ ಮಲಗಿದ್ದವು. ಹಿತ್ತಲ ಬಾಗಿಲಿಗೆ ಓಡಿದಳು.

ಬಟ್ಟೆ ಒಣಹಾಕುವ ತಂತಿಯಾಚೆ, ಬಿಸಿಲಿನಲ್ಲಿ, ಇಬ್ಬರೂ ನಿಂತಿದ್ದರು. ಅವಳ ತಂದೆಯ ಹಿಂದೆ ಮಂಚವಿರಲಿಲ್ಲ, ಕುರ್ಚಿಯಿರಲಿಲ್ಲ, ಹಿಡಿದುಕೊಳ್ಳಲು ಗೋಡೆಯೂ ಇರಲಿಲ್ಲ. ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ ನಿಧಾನವಾಗಿ ಸುತ್ತುತ್ತಿದ್ದರು. ತಂದೆ ಮುಂದಕ್ಕೆ ಬಂದಾಗ ಗಂಡ ಹಿಂದಕ್ಕೆ ಸರಿಯುವರು, ಗಂಡ ಮುಂದಕ್ಕೆ ಬಂದಾಗ ತಂದೆ. ಯಾರು ಯಾರನ್ನು ನಡೆಸುತ್ತಿದ್ದಾರೆಂದು ಅವಳಿಗೆ ಗೊತ್ತಾಗಲಿಲ್ಲ. ನಡುಕ ಇದ್ದೇ ಇತ್ತು, ಅದು ಹೋಗುವಂಥದ್ದಲ್ಲವೆಂದು ಡಾಕ್ಟರೂ ಹೇಳಿದ್ದರು. ನಡುಕದ ಜೊತೆಯಲ್ಲೇ ಅವಳ ತಂದೆ ನೆಟ್ಟಗೆ ನಿಂತಿದ್ದರು.

"ಏನಮ್ಮಾ, ಇಷ್ಟು ಬೇಗ ಬಂದ್ಯಾ?" ಮಾವ ಕೈ ತೆಗೆಯದೆಯೇ ಕೇಳಿದರು. ಹಿತ್ತಲಿನ ಈ ತುದಿಯವರೆಗೂ ಕೇಳಿಸುವಷ್ಟು ದೊಡ್ಡ ದನಿಯಲ್ಲೇ ಕೇಳಿದರು.

"ಫೋನ್ ಯಾಕೆ ಎತ್ಲಿಲ್ಲ ನೀವಿಬ್ರೂ? ಜೀವ ಬಾಯಿಗೆ ಬಂದಿತ್ತು ನನಗೆ!"

"ಕೈ ಬಿಡುವಿರ್ಲಿಲ್ಲಮ್ಮ" ಎಂದರು ಮಾವ.

ಅವಳು ಅಳಲು ಹೊರಟವಳು ನಕ್ಕುಬಿಟ್ಟಳು. ಅಲ್ಲೇ ಹಿತ್ತಲ ಮೆಟ್ಟಿಲ ಮೇಲೆ ಕೂತು, ಚಪ್ಪಲಿ ಕಳಚಿ, ಕಾಲು ಚಾಚಿಕೊಂಡಳು. ಬಿಸಿಲು ಹಿತವಾಗಿತ್ತು. ಎಷ್ಟೋ ತಿಂಗಳಿನಿಂದ ಹೀಗೆ ಯಾರ ಕಡೆಗೂ ಕಿವಿ ಇಡದೆ ಕೂತಿರಲಿಲ್ಲವೆಂದು ಅವಳಿಗೆ ಕೂತ ಮೇಲೆ ತಿಳಿಯಿತು.

"ಬಂದಿದ್ದೀಯಲ್ಲ, ಕಾಫಿ ಇಡ್ತೀಯಾ?" ಎಂದು ಮೇಷ್ಟ್ರು ಕೇಳಿದರು.

"ನಾನಿನ್ನೂ ಬಂದೇ ಇಲ್ಲ ಅಂದ್ಕೊಳ್ಳಿ. ನನ್ನ ರಜ ಸಂಜೆವರೆಗೂ ಇದೆ."

ಮೇಷ್ಟ್ರು ಮೆಲ್ಲಗೆ ಕೈ ಬಿಡಿಸಿಕೊಂಡು, ಮಾವ ತಮ್ಮ ಕಾಲ ಮೇಲೆ ಸರಿಯಾಗಿ ನಿಂತದ್ದನ್ನು ನೋಡಿಕೊಂಡು, ಒಳಗೆ ಹೋದರು. ಒಲೆ ಹೊತ್ತಿದ ಸದ್ದಾಯಿತು. ಮಾವ ಬಟ್ಟೆಯ ತಂತಿಯ ಬಳಿಯಿಂದ ಒಂದೊಂದೇ ಹೆಜ್ಜೆ ಇಟ್ಟು ಬಂದು, ಮಗಳ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತು, ಅಡುಗೆಮನೆಯ ಕಡೆ ಮುಖ ಮಾಡಿ ಕೂಗಿದರು:

"ಅಳಿಯಂದ್ರೇ, ನನಗೆ ಸಕ್ಕರೆ ಮುಂದಾಗಿರ್ಲಿ!"